ಬುಟ್ಟಿ ಹೆಸರು

ಸೇತುವೆ ದಾಟುವ ಹೊತ್ತಿಗೆ ನೀರು ಇಳಿದಿತ್ತು. ಜೊಂಡುಹುಲ್ಲಿನ ಬುಡ ಕಾಣುವಷ್ಟು ಕೆಳಗೆ ಸರಿದು, ಕಪ್ಪು ಕೆಸರು ಮೈಲಿಗಟ್ಟಲೆ ಬಿಸಿಲಿಗೆ ಬಿದ್ದುಕೊಂಡಿತ್ತು. ಆಲ್ಮೀಡಾ ಕಾರಿನ ಗಾಜು ಇಳಿಸಿದಳು. ಆ ಕೆಸರಿನ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಅವಳಿಗೆ ಅದು ಮೂಗಿಗೆ ಬಡಿದ ಕೂಡಲೇ ಹಸಿವಾಗುತ್ತದೆ. ಅರವತ್ತಮೂರು ತುಂಬಿದರೂ ಹಾಗೆಯೇ. ಮೊದಲು ಹಸಿವು, ಅದರ ಬೆನ್ನಿಗೇ ಯಾರೋ ಕರೆದ ಹಾಗಾಗಿ ಹಿಂತಿರುಗಿ ನೋಡಬೇಕೆನಿಸುವ ಒಂದು ಕಸಿವಿಸಿ.

ಹಿಂದಿನ ಸೀಟಿನಲ್ಲಿ ಹಳೆಯ ದುಪ್ಪಟಿ ಸುತ್ತಿದ ಹಲಗೆಯೊಂದು ಒರಗಿ ನಿಂತಿತ್ತು. ಅದರ ಮೇಲೆ ಅವಳ ಅಜ್ಜಿ ಬೈನಾ ಸ್ತುತಿಮನೆಯ ಬಾಗಿಲಲ್ಲಿ ನಿಂತಿದ್ದಳು. ಹಿಟ್ಟಿನ ಚೀಲ ಬಿಚ್ಚಿ ಹೊಲಿದ ಏಪ್ರನ್, ಕಡಲ ಸಿಂಪಿಯ ಚಿಪ್ಪು ಬಿಚ್ಚಿ ಬಿಚ್ಚಿ ಗೆರೆಗೆರೆ ಗಾಯವಾದ ಕೈಗಳು, ಒಂದೇ ಮಗ್ಗುಲಿಗೆ ಸವೆದ ಬೂಟು, ಕಣಕಾಲಿಗೆ ದಾರದಲ್ಲಿ ಕಟ್ಟಿದ ತೂತಿನ ಬೆಳ್ಳಿ ನಾಣ್ಯ, ಎಲ್ಲ ಮುಗಿದಿತ್ತು. ಮುಖ ಇರಬೇಕಾದ ಕಡೆ ಅಂಗೈಯಗಲದ ಬರಿಯ ಮರ ಉಳಿದಿತ್ತು.

ಈ ಚಿತ್ರ ಬೇಕೆಂದು ಕೇಳಿದವರು ಸ್ತುತಿಮನೆಯಲ್ಲಿ ಪ್ರಾರ್ಥನೆ ನಡೆಸುವ ಡೀಕನ್ ಐಸಮ್. ಬೇಲಿಸ್ ದ್ವೀಪದ ಹಳೆಯ ಸ್ತುತಿಮನೆಗೆ ಹೊಸ ಮಾಡು ಹೊದಿಸಿ, ಗೋಡೆಗೆ ಸುಣ್ಣ ಬಳಿದು, ಊರು ಬಿಟ್ಟವರೆಲ್ಲ ಮರಳಿ ಬಂದು ಸೇರುವ ಆಗಸ್ಟಿನ ಭಾನುವಾರದಂದು ಬಾಗಿಲು ತೆರೆಯುವುದೆಂದು ಹಿರಿಯರು ತೀರ್ಮಾನಿಸಿದ್ದರು. ಮೂವತ್ತು ವರ್ಷ ಅಲ್ಲಿ ಹಾಡು ಎತ್ತಿಕೊಟ್ಟವಳು ಬೈನಾ. ಅವಳ ಚಿತ್ರ ಗೋಡೆಯ ಮೇಲಿರಬೇಕು ಎಂದು ಡೀಕನ್ನರು ಸವಾನ್ನಾ ಪಟ್ಟಣದಲ್ಲಿದ್ದ ಆಲ್ಮೀಡಾಳಿಗೆ ಫೋನು ಮಾಡಿದ್ದರು.

"ನಿನ್ನ ಚಿತ್ರ ನೋಡಿದೀನಿ ಕಣಮ್ಮ, ಬ್ಯೂಫರ್ಟ್ ಪೇಟೆ ಬ್ಯಾಂಕಲ್ಲಿ ತೂಗುಹಾಕಿದಾರಲ್ಲ, ಅದು," ಎಂದಿದ್ದರು. "ಎಲ್ಲಾರೂ ಬೆನ್ನು ತೋರಿಸ್ಕೊಂಡು ನಿಂತಿದಾರೆ, ನಮ್ಮ ಮೇಲೆ ಮುನಿಸ್ಕೊಂಡು ಹೊರಟಂಗೆ. ಬೈನಾ ಅಜ್ಜೀದು ಹಂಗೆ ಬೇಡ. ಮುಖ ಇರ್ಲಿ. ಚಿಕ್ಕ ಮಕ್ಕಳು ನೋಡಿದ್ರೆ ಇವಳು ನಮ್ಮೋಳು ಅನ್ನಬೇಕು."

ಆಗಲಿ ಎಂದುಬಿಟ್ಟಿದ್ದಳು ಆಲ್ಮೀಡಾ. ಆಮೇಲೆ ಫೋನು ಕೆಳಗಿಟ್ಟು ಎಷ್ಟೋ ಹೊತ್ತು ಕುಂಚ ತೊಳೆಯುತ್ತ ಕೂತಿದ್ದಳು.

ಅವಳ ಚಿತ್ರಗಳಲ್ಲಿ ಯಾರಿಗೂ ಮುಖವಿಲ್ಲ. ಬಲೆ ಬೀಸುವವರು, ಸೀಗಡಿ ಆರಿಸುವವರು, ಬಿಳಿಯುಟ್ಟು ದೀಕ್ಷಾಸ್ನಾನಕ್ಕೆ ಹೊಳೆಗಿಳಿಯುವವರು, ಎಲ್ಲರೂ ಅತ್ತ ತಿರುಗಿರುತ್ತಾರೆ, ಇಲ್ಲವೆ ಹುಲ್ಲಿನ ಟೋಪಿಯ ನೆರಳಲ್ಲಿ ಮುಳುಗಿರುತ್ತಾರೆ. ಪತ್ರಿಕೆಯವರು ಅದರ ಬಗ್ಗೆ ದೊಡ್ಡ ದೊಡ್ಡ ಮಾತು ಬರೆದಿದ್ದರು. ಸಂಗತಿ ಮಾತ್ರ ಸಣ್ಣದು. ಅವಳಿಗೆ ಅಜ್ಜಿಯ ಮುಖ ನೆನಪಿರಲಿಲ್ಲ. ಮೊದಲ ಚಿತ್ರದಲ್ಲೇ ಆ ಮುಖ ಬರದೆ ಹೋದಾಗ ಅಜ್ಜಿಯನ್ನು ಅತ್ತ ತಿರುಗಿಸಿದ್ದಳು. ಅವಳಿಗಿಲ್ಲದ ಮುಖ ಮಿಕ್ಕವರಿಗೇಕೆ ಅನ್ನಿಸಿ, ಒಬ್ಬೊಬ್ಬರಾಗಿ ಎಲ್ಲರನ್ನೂ ತಿರುಗಿಸಿದಳು.

ಹುಟ್ಟಿದಾಗಿನಿಂದ ಐದು ವರ್ಷ ಅವಳು ಅಜ್ಜಿಯ ಕೈಯಲ್ಲಿ ಬೆಳೆದಿದ್ದಳು. ತಾಯಿ ಸವಾನ್ನಾದಲ್ಲಿ ಯಾರದೋ ಮನೆಯ ಅಡಿಗೆಗಿದ್ದಳು. ಚಳಿಗಾಲದ ಮುಂಜಾವು ಸಿಂಪಿ ಬಿಚ್ಚುವ ಶೆಡ್ಡಿಗೆ ಅಜ್ಜಿ ಮುಂದೆ, ಮಗು ಹಿಂದೆ, ಒಬ್ಬರೇ ನಡೆಯಬಹುದಾದ ಕಾಲುದಾರಿ. ಅಜ್ಜಿಯ ಹಿಂಗತ್ತಿನ ಎರಡು ಮಡಿಕೆ, ಅವುಗಳ ನಡುವೆ ನಿಲ್ಲುವ ಬೆವರು, ಏಪ್ರನ್ನಿನ ಗಂಟು, ಕಣಕಾಲಿನ ನಾಣ್ಯ ಬೂಟಿಗೆ ತಾಗಿ ಆಡುವ ಸದ್ದು, ಇವೆಲ್ಲ ಕಣ್ಣು ಮುಚ್ಚಿದರೆ ಬರುತ್ತಿದ್ದವು. ಅಜ್ಜಿ ಸತ್ತ ವಾರವೇ ತಾಯಿ ಅವಳನ್ನು ಪಟ್ಟಣಕ್ಕೆ ಕರೆದೊಯ್ದಳು. ಫೋಟೋ ಒಂದೂ ಇರಲಿಲ್ಲ. ತಾಯಿಗೆ, ಜ್ಯಾಕ್ಸನ್‌ವಿಲ್ಲಿನ ಮಾವನಿಗೆ, ಚಿಕ್ಕಮ್ಮನಿಗೆ ಅಜ್ಜಿ ಕನಸಿನಲ್ಲಿ ಬರುತ್ತಿದ್ದಳು; ಬೆಳಗಿನ ಕಾಫಿಯ ಹೊತ್ತಿಗೆ ಅವರು ಅದನ್ನು ಅಂಗಡಿಗೆ ಹೋಗಿ ಬಂದ ಸುದ್ದಿಯಷ್ಟೇ ಸಲೀಸಾಗಿ ಹೇಳುತ್ತಿದ್ದರು. ಐವತ್ತೆಂಟು ವರ್ಷದಲ್ಲಿ ಅವಳ ಕನಸಿಗೆ ಒಮ್ಮೆಯೂ ಬರಲಿಲ್ಲ.

ಮುಖ ಕಂಡಿದ್ದವರಲ್ಲಿ ಈಗ ಉಳಿದವರು ಇಬ್ಬರೇ. ಡೀಕನ್ ಐಸಮ್ ಮತ್ತು ಅಜ್ಜಿಯ ಮಗಳು ಟಿರ್ಜಾ ಚಿಕ್ಕಮ್ಮ. ಚಿಕ್ಕಮ್ಮನಿಗೆ ಎಂಬತ್ತೊಂಬತ್ತು. ಅಂದು ಮಂಗಳವಾರ. ಭಾನುವಾರದೊಳಗೆ ಆ ಅಂಗೈಯಗಲದ ಜಾಗ ತುಂಬಬೇಕಾಗಿತ್ತು.

ಚಿಕ್ಕಮ್ಮ ಜಗಲಿಯ ಮೇಲೆ ಅಲಸಂದೆ ಬಿಡಿಸುತ್ತ ಕೂತಿದ್ದಳು. ಕಣ್ಣಿಗೆ ಪೊರೆ ಬಂದು ಮನುಷ್ಯರು ನೆರಳಿನಂತೆ ಕಾಣುತ್ತಿದ್ದರೂ ಬೆರಳು ಮಾತ್ರ ಸಿಪ್ಪೆಯ ನಾರನ್ನು ತಪ್ಪದೆ ಹಿಡಿದು ಎಳೆಯುತ್ತಿದ್ದವು. ಕಾರಿನ ಬಾಗಿಲು ಹಾಕಿದ ಸದ್ದಿಗೇ ತಲೆಯೆತ್ತಿದಳು.

"ಊಟ ಮಾಡಿ ಬಂದ್ಯೋ, ಪಟ್ಟಣದ ಸೊಪ್ಪು ಸದೆ ತಿಂದು ಬಂದ್ಯೋ?"

"ಹಸ್ಕೊಂಡು ಬಂದಿದೀನಿ ಚಿಕ್ಕಮ್ಮ."

"ಹಂಗನ್ನು ಮತ್ತೆ. ಒಲೆ ಮೇಲೆ ಬೆಂಡೆಕಾಯಿ ಸಾರಿದೆ, ಸೀಗಡಿ ಹಾಕಿದ್ದು. ಬಡಿಸ್ಕೊ. ನಂಗೂ ಒಂದು ಬಟ್ಟಲು ತಾ."

ಉಂಡು ಕೈ ತೊಳೆದ ಮೇಲೆ ಆಲ್ಮೀಡಾ ಹಲಗೆಯನ್ನು ಒಳಗೆ ತಂದು ಗೋಡೆಗೆ ಒರಗಿಸಿ ದುಪ್ಪಟಿ ತೆಗೆದಳು. ಬಂದ ವಿಷಯ ಹೇಳಿದಳು. ಮುಖ ಮರೆತಿದೆ ಎಂಬುದನ್ನು ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಚಿಕ್ಕಮ್ಮ ಬೈಯಲಿಲ್ಲ.

"ಮರೀದೆ ಏನ್ಮಾಡ್ತೀಯ, ಇಷ್ಟುದ್ದ ಇದ್ದೆ," ಎಂದು ಕೈಯನ್ನು ಮೊಣಕಾಲಿನ ಮಟ್ಟಕ್ಕೆ ಹಿಡಿದಳು. "ಕೇಳು, ಹೇಳ್ತೀನಿ."

ಆದರೆ ಹೇಳುವುದು ಸುಲಭವಾಗಲಿಲ್ಲ. ಬುಧವಾರ ಇಡೀ ದಿನ ಆಲ್ಮೀಡಾ ಪೆನ್ಸಿಲು ಹಿಡಿದು ಕೂತಳು.

"ಮೂಗು ಹೇಗಿತ್ತು?"

"ಮೂಗು ಮೂಗಿನಂಗಿತ್ತು. ಉಸಿರಾಡ್ತಿದ್ಲು."

"ದೊಡ್ಡದೋ ಸಣ್ಣದೋ?"

"ಅಮ್ಮನ ಮೂಗನ್ನ ಯಾರು ಅಳೆದು ನೋಡ್ತಾರೆ? ಸಿಟ್ಟು ಬಂದಾಗ ದೊಡ್ಡದಾಗ್ತಿತ್ತು. ಅದು ಗೊತ್ತು."

"ನಿನ್ನ ಮುಖದ ಹಾಗಿತ್ತೇ?"

"ನಂದು ಅಪ್ಪನ ಮುಖ. ಎಲ್ಲಾರೂ ಹಂಗೇ ಅಂತಿದ್ರು. ಅಮ್ಮನ್ನ ಹೋತಿದ್ದೋನು ನಮ್ಮ ಅಣ್ಣ ಒಬ್ಬನೇ, ಅವನು ಯುದ್ಧದಲ್ಲಿ ಹೋದ. ಕ್ಯಾಮೆರಾದವ್ರು ಬಂದ್ರೆ ಅಮ್ಮ ಬೆನ್ನು ತಿರುಗಿಸಿ ನಿಲ್ತಿದ್ಲು. ಒಂದು ಸಲ ಹಾಗೇ ತೆಗೆದರು, ಬೆನ್ನೇ. ನೀನೂ ಅದನ್ನೇ ಮಾಡ್ತಾ ಬಂದಿದೀಯಂತಲ್ಲ, ಅವರೇ ವಾಸಿ, ಪುಕ್ಸಟ್ಟೆ ಮಾಡಿದ್ರು."

ಗುರುವಾರ ಡೀಕನ್ ಐಸಮ್ ಬಂದರು. ಎಂಬತ್ತರ ಹತ್ತಿರದ ಮನುಷ್ಯ. ನೆಟ್ಟಗೆ ನಿಲ್ಲುತ್ತಾರೆ, ಟೋಪಿಯನ್ನು ಎದೆಗೆ ಹಿಡಿದುಕೊಂಡೇ ಮಾತಾಡುತ್ತಾರೆ. ಮೊದಲು ಹಲಗೆಯ ಕೆಳಗಿನ ಭಾಗವನ್ನು ಬಗ್ಗಿ ನೋಡಿದರು.

"ಕಾಲು ಸರಿಯಾಗಿದೆ. ಒಂದರ ಪಕ್ಕ ಒಂದು. ಬ್ಯಾಂಕಿನ ಚಿತ್ರದಲ್ಲಿ ಸ್ತುತಿ ಹಾಡ್ತಾ ಸುತ್ತು ಹಾಕ್ತಿರೋ ಮೂರನೇ ಹೆಂಗಸು ಕಾಲಿಗೆ ಕಾಲು ಅಡ್ಡ ಹಾಕಿದಾಳೆ, ನೋಡಿದ್ಯಾ? ಅದು ಸ್ತುತಿ ಅಲ್ಲ, ಕುಣಿತ. ನಮ್ಮ ಕಾಲದಲ್ಲಾಗಿದ್ರೆ ಆ ಹೆಂಗಸನ್ನ ಆಚೆ ಮೆಟ್ಟಿಲ ಮೇಲೆ ಕೂರಿಸ್ತಿದ್ರು."

"ಅದು ನೆರಳು, ಡೀಕನ್ನರೇ."

"ನೆರಳೂ ಅಡ್ಡ ಬರಬಾರದು."

ಆಮೇಲೆ ಪೆನ್ಸಿಲಿನ ಮುಖಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಮೊದಲನೆಯದು ಆಚೆ ರಸ್ತೆಯ ಜೆರೂಷಾಳ ಹಾಗಿದೆ ಎಂದರು. ಎರಡನೆಯದು ಯಾರದೋ ಪಾದ್ರಿಯ ಹೆಂಡತಿ. ಮೂರನೆಯದನ್ನು ಬಹಳ ಹೊತ್ತು ನೋಡಿ, "ಇದು ನೀನೇ," ಎಂದು ಹಿಂದಕ್ಕೆ ಕೊಟ್ಟರು. "ಬೈನಾ ಅಜ್ಜಿ ಅಗಲ ಮುಖದವಳು."

"ಉದ್ದ ಮುಖ," ಎಂದಳು ಚಿಕ್ಕಮ್ಮ ಕೂತಲ್ಲಿಂದ.

"ಟಿರ್ಜಕ್ಕ, ನಾನು ಎದುರಿಗೆ ಕೂತು ಹಾಡಿದೋನು. ಅಗಲ."

"ಹಾಡುವಾಗ ಬಾಯಿ ತೆಗೀತಿದ್ಲು, ಅಗಲ ಕಾಣ್ತಿತ್ತು. ನಾನು ಅವಳ ಹೊಟ್ಟೇಲಿ ಹುಟ್ಟಿದೋಳು ಕಣೋ ಐಸಮ್."

"ಹೊಟ್ಟೆ ಒಳಗಿಂದ ಮುಖ ಕಾಣುತ್ಯೇ?"

ಚಿಕ್ಕಮ್ಮ ಒಂದು ಸಿಪ್ಪೆಯನ್ನು ಅವರ ಕಡೆಗೆ ಎಸೆದಳು. ಅದು ಆಲ್ಮೀಡಾಳ ಕಾಗದದ ಮೇಲೆ ಬಿತ್ತು. ಆಲ್ಮೀಡಾ ನಗಲು ಹೋದಳು, ಆಗಲಿಲ್ಲ. ಇವರಿಬ್ಬರಲ್ಲಿ ಅಜ್ಜಿ ಇದ್ದಳು, ಜಗಳವಾಡುವಷ್ಟು ಚೆನ್ನಾಗಿ ಇದ್ದಳು. ಆದರೆ ಇವರು ಹೋಗುವಾಗ ಅವಳನ್ನು ಜೊತೆಗೇ ತೆಗೆದುಕೊಂಡು ಹೋಗುವರು. ಮುಖ ಬರೆದಿದ್ದ ಎಂಟೂ ಕಾಗದ ಮಡಿಚಿ ಚೀಲಕ್ಕೆ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಜೋಳದ ನುಚ್ಚಿನ ಗಂಜಿ ಕುಡಿದು ಇಬ್ಬರೂ ಜಗಲಿಗೆ ಬಂದರು. ಆಲ್ಮೀಡಾ ಪೆನ್ಸಿಲು ತೆಗೆಯಲಿಲ್ಲ. ಅವಳೂ ಒಂದು ಹಿಡಿ ಅಲಸಂದೆ ಮಡಿಲಿಗೆ ಹಾಕಿಕೊಂಡಳು.

"ಒಂದು ಸಲ ಕನಸಲ್ಲಾದ್ರೂ ಬಂದಿದ್ರೆ ಆಗ್ತಿತ್ತು ಚಿಕ್ಕಮ್ಮ," ಎಂದಳು. "ನಿಮಗೆಲ್ಲ ಬಂದ್ಲು. ಸಾಕಿದ್ದು ನನ್ನನ್ನ. ನನಗೆ ಮಾತ್ರ ಬರಲಿಲ್ಲ. ನಾನೇನು ಮಾಡಿದ್ದೆ?"

ಚಿಕ್ಕಮ್ಮನ ಬೆರಳು ನಿಂತವು.

"ಬರದೇ ಇರ್ಲಿ ಅಂತಾನೇ ತಾನೆ ನಿನ್ನ ದಾಟಿಸಿದ್ದು."

ಆಲ್ಮೀಡಾಳಿಗೆ ಆ ಪದ್ಧತಿ ಗೊತ್ತಿಲ್ಲದ್ದೇನೂ ಅಲ್ಲ. ಸತ್ತವರ ಪೆಟ್ಟಿಗೆಯ ಮೇಲಿಂದ ಮನೆಯ ಚಿಕ್ಕ ಮಗುವನ್ನು ಈಚೆಯವರು ಆಚೆಯವರ ಕೈಗೆ ದಾಟಿಸುತ್ತಾರೆ, ಮೂರು ಸಲ. ಮಗುವಿನ ಹೆಸರು ಹಿಡಿದು, ಇವಳನ್ನು ಬಿಟ್ಟು ಹೋಗು ಎನ್ನುತ್ತಾರೆ. ಇಲ್ಲದಿದ್ದರೆ ಸಾಕಿದ ಜೀವ ಮಗುವಿನ ಬೆನ್ನು ಬಿಡುವುದಿಲ್ಲ, ಮಗು ಸೊರಗುತ್ತದೆ. ಬೇರೆ ಮಕ್ಕಳನ್ನು ಹಾಗೆ ದಾಟಿಸುವುದನ್ನು ಅವಳು ಒಮ್ಮೆ ಚಿತ್ರವಾಗಿಯೂ ಬರೆದಿದ್ದಳು. ತನಗೂ ಅದು ಆಗಿತ್ತು ಎಂಬುದು ಮಾತ್ರ ಎಲ್ಲೋ ಅಡಿಯಲ್ಲಿ ಬಿದ್ದಿತ್ತು. ಈಗ ಮೇಲೆ ಬಂತು. ಹಸಿ ಪೈನ್ ಮರದ ವಾಸನೆ. ಕಂಕುಳಲ್ಲಿ ಮಾವನ ಹೆಬ್ಬೆರಳು ಒತ್ತಿದ್ದು. ಮುಚ್ಚಳಕ್ಕೆ ಇನ್ನೂ ಮೊಳೆ ಹೊಡೆದಿರಲಿಲ್ಲ. ಕೆಳಗೆ ಅಜ್ಜಿ ಇದ್ದಾಳೆಂದು ಗೊತ್ತಿತ್ತು. ಆಲ್ಮೀಡಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಮೂರು ಸಲ ಅಜ್ಜಿಯ ಮುಖದ ಮೇಲೆಯೇ ಹಾದುಹೋಗಿ, ಮೂರು ಸಲವೂ ನೋಡಿರಲಿಲ್ಲ.

"ಹಾಗಾದ್ರೆ ಬರಲ್ಲ," ಎಂದಳು. ತನ್ನ ಧ್ವನಿ ಯಾರದೋ ಅನ್ನಿಸಿತು. "ಸರಿಯಾಗಿ ದಾಟಿಸಿದ್ದೀರಿ."

"ಅಲ್ಲೇ ಇರೋದು ತೊಡಕು." ಚಿಕ್ಕಮ್ಮ ಮಡಿಲಿನ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. "ಸರಿಯಾಗಿ ದಾಟಿಸಲಿಲ್ಲ. ಹೆಸರು ತಪ್ಪಾಯ್ತು."

ಆಲ್ಮೀಡಾ ಬಿಡಿಸುತ್ತಿದ್ದ ಅಲಸಂದೆಯನ್ನು ಕೆಳಗಿಟ್ಟಳು.

"ನೀನು ಏಳು ತಿಂಗಳಿಗೇ ಹುಟ್ಟಿದೋಳು. ಅಮ್ಮನ ಅಂಗೈ ಒಳಗೆ ಹಿಡಿಸ್ತಿದ್ದೆ. ಹತ್ತಿ ಹಾಸಿದ ಬುಟ್ಟೀಲಿ ನಿನ್ನ ಹಾಕಿ, ಒಲೆ ಪಕ್ಕ ಇಟ್ಕೊಂಡು ಕಾದ್ಲು. ಅಳ್ತಾನೂ ಇರ್ಲಿಲ್ಲ ನೀನು, ಕೋಳಿಮರಿ ಥರ ಪೀಂ ಪೀಂ ಅಂತಿದ್ದೆ. ಅದಕ್ಕೇ ಕೋಳಿಮರೀನ ಕರೆಯೋ ಹಂಗೆ ಬಿಡ್ಡಿ ಅಂತ ಕರೆದ್ಲು. ಮನೆ ಒಳಗೆ ಕರೆಯೋ ಬುಟ್ಟಿ ಹೆಸರು. ಅವಳಿಗೆ ಗೊತ್ತಿದ್ದದ್ದು ಅದೊಂದೇ. ಈ ಆಲ್ಮೀಡಾ ಅನ್ನೋದು ನಿಮ್ಮಮ್ಮ ಸವಾನ್ನಾದಲ್ಲಿ ಕಾಗದದ ಮೇಲೆ ಬರೆಸಿದ್ದು. ಅಮ್ಮನ ಕಿವಿ ಮೇಲೆ ಆ ಹೆಸರು ಬಿದ್ದೇ ಇರ್ಲಿಲ್ಲ."

"ಮತ್ತೆ?"

"ಮತ್ತೇನು. ಆಚೆ ಕಡೆ ನಾನು ನಿಂತಿದ್ದೆ, ಹೆಸರು ಹೇಳಬೇಕಾದೋಳು ನಾನೇ. ಬಿಡ್ಡಿ ಅನ್ನಕ್ಕೆ ಬಾಯಿ ತೆಗ್ದೆ. ನಿಮ್ಮಮ್ಮ ಹಿಂದಿಂದ ಸೊಂಟಕ್ಕೆ ತಿವಿದ್ಲು. ಪಾದ್ರಿ ಎದುರಿಗೆ ಕೋಳಿ ಹೆಸರು ಹೇಳ್ಬೇಡ, ಮಾನ ಕಳೀಬೇಡ ಅಂದ್ಲು. ಅವಳು ಹಿರಿಯೋಳು, ಪಟ್ಟಣದ ಟೋಪಿ ಬೇರೆ ಹಾಕಿದ್ಲು. ನಾನು ಆಲ್ಮೀಡಾ ಅಂದ್ಬಿಟ್ಟೆ. ಮೂರು ಸಲಾನೂ." ಅವಳು ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿದಳು. "ಪೆಟ್ಟಿಗೆ ಒಳಗೆ ಮಲಗಿ ಅಮ್ಮ ಯಾರಿದು ಆಲ್ಮೀಡಾ ಅಂದ್ಕೊಂಡಿರ್ತಾಳೆ. ಪಕ್ಕದ ಮನೆ ಮಗು ಅಂತ."

"ಹಾಗಾದ್ರೆ ನನ್ನ ಬಿಟ್ಟು ಹೋಗಿಲ್ಲ."

"ಎಲ್ಲಿ ಹೋಗ್ತಾಳೆ? ಬಿಡ್ಡೀನ ಬಿಡು ಅಂತ ಅವಳಿಗೆ ಯಾರೂ ಹೇಳಲೇ ಇಲ್ಲ."

"ಮತ್ತೆ ಯಾಕೆ ಬರಲಿಲ್ಲ?"

"ಬಂದಿರ್ತಾಳೆ. ಬಿಡ್ಡಿ, ಬಿಡ್ಡಿ ಅಂತ ಹುಡುಕ್ತಾ ಬಂದಿರ್ತಾಳೆ. ಸವಾನ್ನಾದಲ್ಲಿ ಬಿಡ್ಡಿ ಅಂದ್ರೆ ಯಾರು ಬಾಗಿಲು ತೆಗೀತಾರೆ? ನಿನ್ನ ಹಂಗೆ ಕರೆಯೋರು ಯಾರಿದಾರೆ ಅಲ್ಲಿ?"

ಯಾರೂ ಇರಲಿಲ್ಲ. ಬಸ್ಸು ಹತ್ತಿದ ದಿನವೇ ತಾಯಿ ಆ ಹೆಸರನ್ನು ನಿಲ್ಲಿಸಿದ್ದಳು. ತನ್ನ ಗಂಡನಿಗೆ ಆಲ್ಮೀಡಾ ಅದನ್ನು ಹೇಳಿರಲೇ ಇಲ್ಲ. ಅವನು ಬದುಕಿರುವ ತನಕ ಆಲ್ ಎಂದೇ ಕರೆದ. ಚಿತ್ರಗಳ ಮೂಲೆಯಲ್ಲಿ ಎ. ಕೇಪರ್ಸ್ ಎಂದಿರುತ್ತದೆ. ಆಲ್ಮೀಡಾ ಜಗಲಿಯ ಕಂಬಕ್ಕೆ ಕೈಯಿಟ್ಟುಕೊಂಡಳು. ಐವತ್ತೆಂಟು ವರ್ಷ ತಾನು ಒಬ್ಬಳನ್ನು ಹುಡುಕುತ್ತಿದ್ದೇನೆ ಎಂದುಕೊಂಡಿದ್ದಳು. ಅವಳೂ ತನ್ನನ್ನು ಹುಡುಕುತ್ತ ಬೇರೆ ಬೇರೆ ಬಾಗಿಲಲ್ಲಿ ನಿಂತಿರಬಹುದು ಎಂಬುದು ಹೊಳೆದಿರಲಿಲ್ಲ.

"ಇವತ್ತು ಗೋರಿ ಹತ್ರ ಹೋಗೋಣ," ಎಂದಳು ಚಿಕ್ಕಮ್ಮ. "ನೀನು ಬರ್ತೀಯ ಅಂದಾಗ್ಲೇ ಅಂದ್ಕೊಂಡಿದ್ದೆ. ಈಗಲಾದ್ರೂ ಸರಿಯಾದ ಹೆಸರು ಹೇಳಿ ದಾಟಿಸಿಬಿಡ್ತೀನಿ. ನನಗೆ ಎಂಬತ್ತೊಂಬತ್ತು. ಇದನ್ನ ಹಿಂಗೇ ಬಿಟ್ಟು, ಯಾವ ಮುಖ ಇಟ್ಕೊಂಡು ಅಮ್ಮನ ಹತ್ರ ಹೋಗ್ಲಿ?"

ಗೋರಿಗಳಿರುವುದು ನೀರಿನ ಪಕ್ಕದ ತೋಪಿನಲ್ಲಿ, ಹಳೆಯ ಸಿಂಪಿ ಶೆಡ್ಡಿಗೆ ಹೋಗುವ ದಾರಿಯಲ್ಲೇ. ಶೆಡ್ಡು ಬಿದ್ದುಹೋಗಿ ಎಷ್ಟೋ ಕಾಲವಾಗಿತ್ತು. ಸಿಂಪಿಯ ಚಿಪ್ಪಿನ ದಿಬ್ಬ ಮಾತ್ರ ದೂರದಿಂದ ಬೆಳ್ಳಗೆ ಕಾಣುತ್ತಿತ್ತು. ಕಾಲುದಾರಿ ಈಗಲೂ ಒಬ್ಬರಿಗಾಗುವಷ್ಟೇ. ಚಿಕ್ಕಮ್ಮ ಕೋಲು ಊರಿಕೊಂಡು ಮುಂದೆ ನಡೆದಳು. ಕಣ್ಣು ಮಂಜಾದವಳು ಮುಂದೆ, ಕಾಣುವವಳು ಹಿಂದೆ. ಹಿಂದೆ ನಡೆಯುವುದು ಆಲ್ಮೀಡಾಳಿಗೆ ಆ ದಾರಿಯಲ್ಲಿ ತಾನಾಗಿ ಬಂತು.

ನಡುವೆ ಒಂದು ಕಾಲುವೆ. ಉಬ್ಬರದಲ್ಲಿ ಅದರೊಳಕ್ಕೆ ಕಡಲ ನೀರು ಬರುತ್ತದೆ. ಮೇಲೆ ಅಡ್ಡ ಹಾಕಿದ ಓಕ್ ಹಲಗೆ. ಚಿಕ್ಕಮ್ಮ ಪಕ್ಕದ ಗಳು ಹಿಡಿದು, ಪಾದ ಎತ್ತದೆ ಜಾರಿಸಿ ಜಾರಿಸಿ ದಾಟಿದಳು. ದಾಟಿ ಎರಡು ಹೆಜ್ಜೆ ಹೋಗಿ ಏನೋ ನೆನಪಾದವಳಂತೆ ತಿರುಗಿದಳು.

"ಬಿಡ್ಡೀ," ಎಂದು ಕೂಗಿದಳು. "ಹಲಗೆ ಮಧ್ಯ ಕೊಳೆತು ಲಡ್ಡಾಗಿದೆ. ಅಂಚಲ್ಲಿ ಕಾಲಿಡು."

ಆಲ್ಮೀಡಾ ಹಲಗೆಯ ಮೇಲೆ ನಿಂತುಬಿಟ್ಟಳು.

ಮೊದಲು ತಿರುಗಿದ್ದು ಗದ್ದ, ಎಡ ಭುಜದ ಮೇಲಿಂದ. ಮೈ ಇನ್ನೂ ಮುಂದಕ್ಕೇ ಹೊರಟಿತ್ತು, ಅದು ಆಮೇಲೆ ಮನಸ್ಸಿಲ್ಲದ ಹಾಗೆ ಬಂತು. ಬಿಸಿಲಿಗೆ ಎಡಗಣ್ಣು ಅರ್ಧ ಮುಚ್ಚಿತು. ಆ ಹೆಸರಿನ ಮೊದಲ ಅಕ್ಷರಕ್ಕೆ ಕೆಳತುಟಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. ಅದು ಚಿಕ್ಕಮ್ಮನ ಮುಖ, ತಾತನ ಮುಖ. ಆದರೆ ತಿರುಗಿದ ರೀತಿ ಅವಳದಲ್ಲ. ಆ ತಿರುಗುವಿಕೆಯ ಒಳಗೆ ಇನ್ನೊಂದು ಕೆನ್ನೆ ಮೇಲೆದ್ದಿತು, ಮುಂದಿನ ಹಲ್ಲುಗಳ ನಡುವಿನ ಸಂದು ಕಂಡಿತು, ಟೋಪಿಯ ಅಂಚಿನ ನೆರಳು ಮೂಗಿನ ಮೇಲೆ ಹಾದು ಹೋಯಿತು. ನೀರಿನೊಳಗಿಂದ ಮೀನು ಮಗುಚಿದ ಹಾಗೆ, ಅಷ್ಟೇ ಹೊತ್ತು.

ಅವಳಿಗೆ ಅರ್ಥವಾಯಿತು. ತಾನು ಇಷ್ಟು ವರ್ಷ ಕದಲದೆ ನಿಂತ ಮುಖವೊಂದನ್ನು ಹುಡುಕುತ್ತಿದ್ದಳು. ಈ ದಾರಿಯಲ್ಲಿ ಹಿಂದೆ ಹಿಂದೆ ಬರುತ್ತಿದ್ದ ಮಗುವಿಗೆ ಆ ಮುಖ ಎಂದೂ ನಿಂತಿರಲಿಲ್ಲ. ಒಂದು ಹೆಸರು ಕರೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇತ್ತು.

"ಯಾಕೆ ನಿಂತೆ? ಬಿದ್ದ್ಯಾ?"

"ಇಲ್ಲ ಚಿಕ್ಕಮ್ಮ. ಇನ್ನೊಂದು ಸಲ ಕರಿ."

"ಹುಚ್ಚು," ಎಂದಳು ಚಿಕ್ಕಮ್ಮ. ಆದರೂ ಕರೆದಳು.

ತೋಪಿನಲ್ಲಿ ಓಕ್ ಮರಗಳಿಂದ ಬೂದುಬಣ್ಣದ ಪಾಚಿ ಗೋರಿಗಳ ಮೇಲೆ ಇಳಿಬಿದ್ದಿತ್ತು. ಬೈನಾಳ ಗೋರಿಯ ಮೇಲೆ ಅವಳು ಕೊನೆಗೆ ಕುಡಿದ ಬಟ್ಟಲು ಇತ್ತು, ತಳಕ್ಕೆ ತೂತು ಹಾಕಿದ್ದು. ಪಕ್ಕದಲ್ಲಿ ದೀಪದ ಬುರುಡೆಯ ಚೂರು, ತುಕ್ಕು ಹಿಡಿದ ಸಿಂಪಿ ಚೂರಿ. ಯಾರೂ ಅವನ್ನು ಮುಟ್ಟುವುದಿಲ್ಲ. ಚಿಕ್ಕಮ್ಮ ಕೋಲಿನಿಂದ ತಡವಿ ಆಚೆ ಬದಿಗೆ ಹೋಗಿ ನಿಂತಳು.

"ನಿನ್ನ ಎತ್ತೋ ಶಕ್ತಿ ನನಗಿಲ್ಲ. ನೀನೇ ದಾಟ್ಕೊಂಡು ಬಾ. ಮೂರು ಸಲ. ನಾನು ಹೆಸರು ಹೇಳ್ತೀನಿ."

ಗೋರಿ ಕುಸಿದು ನೆಲದ ಮಟ್ಟಕ್ಕೆ ಬಂದಿತ್ತು. ಒಂದು ದೊಡ್ಡ ಹೆಜ್ಜೆಯ ಮಾತು. ಆಲ್ಮೀಡಾ ಸರಿಯಾಗಿ ಅಂಚಿಗೆ ಬಂದಳು. ಅವಳ ಕಾಲು ಏಳಲಿಲ್ಲ.

"ಚಿಕ್ಕಮ್ಮ, ಬೇಡ."

"ಏನು ಬೇಡ?"

"ದಾಟಿದ್ರೆ ಅವಳು ಹೋಗಿಬಿಡ್ತಾಳೆ."

"ಹೋಗಲಿ ಅಂತಾನೇ. ಅವಳು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ನನ್ನ ಬಾಯಿಂದ ಆದದ್ದು. ನನಗೆ ಸಂಕಟ ಆಗಲ್ವೇನೆ?"

"ಗೊತ್ತು. ಆದ್ರೆ ಈಗ ತಾನೆ ಕರೆದ್ಲು. ಇನ್ನೂ ಸರಿಯಾಗಿ ನೋಡಿಲ್ಲ ನಾನು. ಅವತ್ತು ಕಣ್ಣು ಮುಚ್ಕೊಂಡಿದ್ದೆ."

ಉಬ್ಬರ ಶುರುವಾಗಿ ಕಾಲುವೆಯಲ್ಲಿ ನೀರು ಒಳಕ್ಕೆ ಬರುವ ಸದ್ದು ಕೇಳುತ್ತಿತ್ತು. ಚಿಕ್ಕಮ್ಮ ಕೋಲನ್ನು ಇನ್ನೊಂದು ಕೈಗೆ ಬದಲಿಸಿದಳು.

"ನಿಮ್ಮಮ್ಮನ ಹಟ ಎಲ್ಲಿ ಹೋಗುತ್ತೆ," ಎಂದು ಬಂದ ದಾರಿಯಲ್ಲಿ ತಿರುಗಿದಳು. ಈ ಸಲ ಹಲಗೆ ದಾಟಿದ ಮೇಲೆ ಹಿಂತಿರುಗಿ ನೋಡಲಿಲ್ಲ. ಮಧ್ಯಾಹ್ನ ಟೊಮೇಟೊ ಹಾಕಿದ ಕೆಂಪನ್ನವನ್ನು ಬಡಿಸಿ, ತಟ್ಟೆಯನ್ನು ಮೇಜಿನ ಮೇಲೆ ಸದ್ದಾಗುವ ಹಾಗೆ ಇಟ್ಟು, ತಾನು ಒಳಗೆ ಹೋಗಿ ಉಂಡಳು.

ಆಲ್ಮೀಡಾ ಹಿತ್ತಲ ಜಗಲಿಗೆ ಹಲಗೆ ಸಾಗಿಸಿದಳು. ಅಂಗೈಯಗಲದ ಜಾಗ ಈಗ ಸಾಲುತ್ತಿರಲಿಲ್ಲ. ನೆಟ್ಟಗೆ ಎದುರಿಗೆ ನಿಂತಿದ್ದ ಭುಜ, ಕತ್ತು, ಏಪ್ರನ್ನಿನ ಎದೆ, ಎಲ್ಲವನ್ನೂ ಚೂರಿಯಿಂದ ಕೆರೆದು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿದಳು. ಮೈಯನ್ನು ದಾರಿಯ ಕಡೆಗೆ ತಿರುಗಿಸಿದಳು. ಹಿಂಗತ್ತಿನ ಮಡಿಕೆ ಕೈಗೆ ತಾನಾಗಿ ಬಂತು. ನಲವತ್ತು ವರ್ಷ ಅದನ್ನೇ ಬರೆದ ಕೈ. ಆಮೇಲೆ ಗದ್ದ ಭುಜದ ಮೇಲಿಂದ ಈಚೆಗೆ ಬಂತು. ಮೂಗು ಅವಳಿಗೆ ಈಗಲೂ ಖಾತ್ರಿಯಿರಲಿಲ್ಲ, ಅದನ್ನು ಟೋಪಿಯ ನೆರಳಿಗೆ ಬಿಟ್ಟಳು. ಒಂದು ಕಣ್ಣು ಬಿಸಿಲಿಗೆ ಕಿರಿದಾಯಿತು. ಬಾಯಿಗೆ ಶನಿವಾರ ಇಡೀ ದಿನ ಹಿಡಿಯಿತು. ಮೂರು ಸಲ ಒರೆಸಿದಳು. ಬರೆಯುತ್ತ ತಾನೇ ಆ ಅಕ್ಷರವನ್ನು ತುಟಿಯಲ್ಲಿ ಹಿಡಿದು ನೋಡುತ್ತಿದ್ದಳು. ಬಿ. ಬಿ. ಸಂಜೆಯ ಹೊತ್ತಿಗೆ ಕೆಳತುಟಿ ಪಕ್ಕಕ್ಕೆ ಸರಿದು ಹಲ್ಲಿನ ಸಂದು ಕಂಡಿತು. ಅಲ್ಲಿಗೆ ಕುಂಚ ಇಟ್ಟಳು.

ಭಾನುವಾರ ಬಣ್ಣ ಇನ್ನೂ ಹಸಿಯಾಗಿಯೇ ಇತ್ತು. ಡೀಕನ್ ಐಸಮ್ ಮತ್ತು ಇನ್ನಿಬ್ಬರು ಅಂಚು ಹಿಡಿ, ಅಂಚು ಹಿಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಅದನ್ನು ಸ್ತುತಿಮನೆಯ ಗೋಡೆಗೆ ಏರಿಸಿದರು. ಊರು ಬಿಟ್ಟವರು ಮಕ್ಕಳು ಮರಿ ಕಟ್ಟಿಕೊಂಡು ಬಂದು ಹೊರಗೆ ಮರದಡಿ ತುಂಬಿದ್ದರು. ಡೀಕನ್ನರು ಟೋಪಿ ಎದೆಗೊತ್ತಿ ಬಹಳ ಹೊತ್ತು ನೋಡಿದರು.

"ಮೂಗು ಅವಳದಲ್ಲ," ಎಂದರು.

"ಹೌದು," ಎಂದಳು ಆಲ್ಮೀಡಾ.

"ಹಾಡ್ತಾ ಇದಾಳೆ ಅಂದ್ಕೊಂಡೆ ಮೊದಲು. ಅಲ್ಲ." ಅವರು ಒಂದು ಹೆಜ್ಜೆ ಹಿಂದೆ ಸರಿದರು, ಆ ಮುಖ ನೋಡುತ್ತಿದ್ದ ಕಡೆ, ತಮ್ಮ ಬೆನ್ನ ಹಿಂದೆ, ತಾವೂ ಒಮ್ಮೆ ತಿರುಗಿ ನೋಡಿದರು. "ಯಾರನ್ನೋ ಕರೀತಿದಾಳೆ. ಹಿಂಗೇ ಕರೀತಿದ್ಲು. ನನ್ನನ್ನೂ ಕರೆದಿದಾಳೆ, ಸಿಂಪಿ ಕದ್ದಾಗ." ಕಣ್ಣೊರೆಸಿಕೊಳ್ಳಲು ಟೋಪಿಯನ್ನೇ ಬಳಸಿದರು.

ಶುಕ್ರವಾರದಿಂದ ಎರಡು ಮಾತೂ ಆಡದಿದ್ದ ಚಿಕ್ಕಮ್ಮ ಬೆಂಚಿನಿಂದ ಎದ್ದು ಬಂದಳು. ಕೈ ಚಾಚಿದಳು. ಆಲ್ಮೀಡಾ ಆ ಕೈ ಹಿಡಿದು ಚಿತ್ರದ ಹತ್ತಿರಕ್ಕೆ ತಂದಳು.

"ಬಾಯಿ ತೆರೆದಿದ್ಯಾ?"

"ತೆರೆದಿದೆ."

ಮುದುಕಿಯ ತೋರುಬೆರಳು ಹಸಿ ತುಟಿಯ ಮೇಲೆ ಹಗುರಾಗಿ ಕೂತು, ತುಟಿ ಸರಿದ ಕಡೆಗೇ ಸರಿಯಿತು. ಬಣ್ಣ ಒಂದಿಷ್ಟು ಕಲೆಸಿತು. ಆಲ್ಮೀಡಾ ತಡೆಯಲಿಲ್ಲ.

"ಬಿಡ್ಡಿ ಅಂತಿದಾಳೆ," ಎಂದಳು ಚಿಕ್ಕಮ್ಮ.

"ಹ್ಞೂ."

"ಸರಿ. ಇಟ್ಕೊ ನೀನು, ಇನ್ನೊಂದಿಷ್ಟು ದಿನ." ಅವಳು ಬೆರಳನ್ನು ಒರೆಸಿಕೊಳ್ಳದೆ ಮುಷ್ಟಿಯೊಳಗೆ ಮಡಿಚಿಕೊಂಡಳು. "ನಾನು ಹೋದಾಗ ಹೇಳ್ತೀನಿ. ಅಮ್ಮ, ಆಲ್ಮೀಡಾ ಅಂದ್ರೆ ನಮ್ಮ ಬಿಡ್ಡೀನೇ ಕಣೆ, ಸವಾನ್ನಾದಲ್ಲಿ ಆ ಹೆಸರು ಹೇಳಿ ಬಾಗಿಲು ತಟ್ಟು ಅಂತ. ಆಮೇಲೆ ನಿಮ್ಮಿಬ್ಬರ ಪಾಡು."

"ಅವಸರ ಮಾಡ್ಬೇಡ ಚಿಕ್ಕಮ್ಮ."

"ನನಗೇನು ಅವಸರ. ಅಲಸಂದೆ ಇನ್ನೂ ಅರ್ಧ ಬುಟ್ಟಿ ಹಾಗೇ ಇದೆ."

ಜನ ಒಳಗೆ ಬಂದರು. ಬೆಂಚುಗಳನ್ನು ಗೋಡೆಗೆ ಸರಿಸಿದರು. ಯಾರೋ ಕೋಲಿನಿಂದ ಹಲಗೆಯ ನೆಲ ಕುಟ್ಟಿದರು, ಡೀಕನ್ನರು ಹಾಡು ಎತ್ತಿದರು, ಚಪ್ಪಾಳೆ ಅದರ ಮೇಲೆ ಬಿತ್ತು. ಸುತ್ತು ಶುರುವಾಯಿತು. ಚಿಕ್ಕಮ್ಮ ಮುಂದೆ, ಆಲ್ಮೀಡಾ ಅವಳ ಹಿಂದೆ, ಪಾದ ಎತ್ತದೆ, ಕಾಲಿಗೆ ಕಾಲು ಅಡ್ಡ ಬರದಂತೆ ಜಾರಿಸುತ್ತ ನಡೆದರು. ಚಿತ್ರ ಎದುರಾದಾಗೆಲ್ಲ ಆಲ್ಮೀಡಾ ತಲೆಯೆತ್ತಿದಳು. ಒಂದು ಸುತ್ತು ಬಂತು, ಎರಡು ಬಂತು. ಮೂರನೆಯ ಸುತ್ತಿಗೂ ಅವಳು ಕಣ್ಣು ಮುಚ್ಚಲಿಲ್ಲ.